ಎರವಲು ಕೋಣೆ

ಟೈಲರಮ್ಮ ಗೋಡೆ ಸರಿಸಿದಾಗ ಕೋಣೆಯ ಆಚೆ ತುದಿಯಲ್ಲಿ ಮಂಚ ಇತ್ತು. ಮಂಚದ ಮೇಲೆ ಪಕ್ಕದ ಮನೆಯ ಮುದುಕ ಇದ್ದ. ದಿಂಬು ತಲೆಯ ಕೆಳಗಿರಲಿಲ್ಲ, ಮುಖದ ಮೇಲಿತ್ತು. ಅವಳ ಕೂಗಿಗೆ ಇಡೀ ಮಹಡಿ ಎದ್ದು ಬಂತು.

ಇನ್ಸ್‌ಪೆಕ್ಟರಮ್ಮ ಬಂದವಳೇ ಮೊದಲು ಕೇಳಿದ್ದು, ಇದು ಯಾರ ಕೋಣೆ ಅಂತ. ಇಬ್ಬರದೂ ಅಂದರು. ಅವಳಿಗೆ ತಲೆ ಕೆಟ್ಟಿತು.

ಆ ಕಟ್ಟಡವೇ ಹಾಗೆ. ಊರಿನಲ್ಲಿ ಕಾಲಿಡಲು ಜಾಗವಿಲ್ಲ. ಯಾರೋ ಬುದ್ಧಿವಂತ ಆರ್ಕಿಟೆಕ್ಟು ಎರಡೆರಡು ಮನೆಗಳ ನಡುವೆ ಒಂದೊಂದು ಕೋಣೆ ಇಟ್ಟು, ಎರಡೂ ಬದಿಗೆ ಸರಿಯುವ ಗೋಡೆ ಹಾಕಿ, ನಲವತ್ತು ಮಹಡಿ ಏರಿಸಿಬಿಟ್ಟಿದ್ದ. ಹಗಲು ಒಬ್ಬರಿಗೆ, ರಾತ್ರಿ ಇನ್ನೊಬ್ಬರಿಗೆ. ಒಂದು ಗೋಡೆ ತೆರೆದಿದ್ದರೆ ಇನ್ನೊಂದು ಜಪ್ಪಯ್ಯ ಅಂದರೂ ಅಲುಗದು. ಆಚೆಯದು ತೆರೆದಿದ್ದರೆ ಈಚೆಗೆ ಕೆಂಪು ದೀಪ, ಮುಚ್ಚಿದರೆ ಹಸಿರು. ಈ ಘನಕಾರ್ಯಕ್ಕೆ ಬಹುಮಾನ ಬೇರೆ ಬಂದಿತ್ತು. ಬಹುಮಾನ ಕೊಟ್ಟ ಪುಣ್ಯಾತ್ಮರು ಅಲ್ಲಿ ಒಂದು ದಿನ ಸಂಸಾರ ಮಾಡಿ ನೋಡಬೇಕಿತ್ತು. ಜನ ಅದನ್ನು ಎರವಲು ಕೋಣೆ ಅನ್ನುತ್ತಿದ್ದರು.

ಈ ಕೋಣೆ ಹಗಲು ಟೈಲರಮ್ಮನದು. ಅಲ್ಲೇ ಅವಳ ಹೊಲಿಗೆ, ಅದೇ ಅವಳ ಅನ್ನ. ರಾತ್ರಿ ಪಕ್ಕದ ಮನೆಯವರದು. ಆ ಮುದುಕ ಒಂದು ಕಾಲದಲ್ಲಿ ಕ್ರೇನ್ ಓಡಿಸಿದವನು, ಈಗ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ. ನೋಡಿಕೊಳ್ಳುತ್ತಿದ್ದವಳು ಮಗಳು. ಅವಳ ಗಂಡ ಬಿಟ್ಟುಹೋಗಿದ್ದ, ಇಬ್ಬರು ಪುಟ್ಟ ಮಕ್ಕಳಿದ್ದರು. ಬೆಳಗಾದರೆ ಗಾಲಿಮಂಚವನ್ನು ಅಡುಗೆಮನೆಯ ಬಾಗಿಲಿಗೆ ತಳ್ಳಬೇಕು, ಸಂಜೆಯಾದರೆ ಮತ್ತೆ ಕೋಣೆಗೆ ತಳ್ಳಬೇಕು. ವರ್ಷಗಳಿಂದ ಅವಳದು ಇದೇ ಪಾಡು.

*

ಮಹಡಿಯ ಜನ ಮೊದಲು ಆರ್ಕಿಟೆಕ್ಟನ ಮೇಲೆ ಮುಗಿಬಿದ್ದರು. ಗಾಳಿಯಾಡದೆ ಸತ್ತಿದ್ದಾನೆ, ನಾಳೆ ನಮ್ಮ ಸರದಿ ಅಂತ. ಅವನು ಬೆವರು ಒರೆಸಿಕೊಳ್ಳುತ್ತ ಓಡಿ ಬಂದು, ಎರಡೂ ಗೋಡೆ ಮುಚ್ಚಿಸಿ, ಗಾಳಿಕಿಂಡಿಯ ಮುಂದೆ ಕಾಗದದ ಚೂರು ಹಿಡಿದ. ಪಟಪಟನೆ ಹಾರಿತು. ಡಾಕ್ಟರು ದಿಂಬೇ ಕಾರಣ ಅಂದರು, ಉಸಿರು ನಿಂತು ಹೆಚ್ಚು ಹೊತ್ತಾಗಿಲ್ಲ ಅಂತಲೂ ಸೇರಿಸಿದರು.

ಮಗಳು ಬಿಕ್ಕುತ್ತಲೇ ಹೇಳಿದಳು. ಅಪ್ಪನ ಕೆಮ್ಮಿಗೆ ಮಕ್ಕಳು ಏಳುತ್ತಾರೆಂದು ರಾತ್ರಿಯೇ ತನ್ನ ಕಡೆಯ ಗೋಡೆ ಮುಚ್ಚಿದ್ದಳಂತೆ. ಕೂಗು ಕೇಳಿಯೇ ಎಚ್ಚರವಾಯಿತಂತೆ. ಹಿಂದಿನ ದಿನ, ಅಪ್ಪ ಹಗಲೂ ಅಲ್ಲೇ ಮಲಗಿರಲಿ ಎಂದು ಕೇಳಿಕೊಂಡರೆ ಟೈಲರಮ್ಮ ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಅಂದಳಂತೆ.

ಟೈಲರಮ್ಮ ಬೇರೆಯೇ ಹೇಳಿದಳು. ತಾನು ಹೂಂ ಅಂದಿದ್ದಳಂತೆ. ಮುದುಕನ ಮಗನೂ ಫೋನ್ ಮಾಡಿ ಕೇಳಿದ್ದ, ಅವನಿಗೂ ಅದೇ ಹೇಳಿದ್ದಳಂತೆ. ಬೆಳಗ್ಗೆ ಬೇಗ ಬಂದದ್ದು ಗೋಡೆಗೆ ಜೋಡಿಸಿದ್ದ ತನ್ನ ಬಟ್ಟೆ ಕತ್ತರಿಸುವ ಮೇಜನ್ನು ಬಿಚ್ಚಿಕೊಳ್ಳಲು. ಎಂದಿನಂತೆ ಗೋಡೆ ತಟ್ಟಿದಳು, ಒಳಗಿಂದ ತಿರುಗಿ ತಟ್ಟಿದರು, ತೆರೆದಳು.

ಮಗನಿಗೆ ಫೋನ್ ಹಚ್ಚಿದರೆ, ಏನು ಮಾತಾಡಿದೆನೋ ನೆನಪಿಲ್ಲ ಅಂದುಬಿಟ್ಟ. ಈ ಗೊಡವೆಯೇ ಬೇಡ ಅನ್ನುವ ದನಿ.

ಕಾನ್‌ಸ್ಟೇಬಲನಿಗೆ ಹೊಟ್ಟೆಯ ದೆಸೆಯಿಂದ ಡೊಳ್ಳಪ್ಪ ಅಂತಲೇ ಹೆಸರು. ಅವನು ಬೆರಳು ಮಡಚಿದ. ಆಚೆಯ ಗೋಡೆ ರಾತ್ರಿಯೇ ಮುಚ್ಚಿತ್ತು, ಒಳಗಿದ್ದವನು ಮುದುಕನೊಬ್ಬನೇ. ಒಳಗಿಂದ ತಟ್ಟಿದರು ಅಂದಮೇಲೆ ಅವನು ಆಗ ಬದುಕಿದ್ದ. ಟೈಲರಮ್ಮನ ಗೋಡೆ ತೆರೆದ ಮೇಲೆ ಆಚೆಯದು ತೆರೆಯದು. ಒಳಗೆ ಹೋಗಬಲ್ಲವಳು ಇವಳೊಬ್ಬಳೇ.

"ಕೈಕೋಳ ತರ್ಲಾ ಮೇಡಂ?" ಅಂದ.

ಒಳಗಿಂದ ಯಾರೂ ತಟ್ಟಲಿಲ್ಲ ಅಂತ ಟೈಲರಮ್ಮ ಹೇಳಬಹುದಿತ್ತು. ಆ ಒಂದು ಸುಳ್ಳು ಹೇಳಿದ್ದರೆ ಬಚಾವಾಗುತ್ತಿದ್ದಳು, ಪಾಪ. ನಿಜ ಹೇಳಿ ಜೈಲಿನ ಬಾಗಿಲಿಗೆ ಬಂದು ನಿಂತಿದ್ದಳು.

*

ಇನ್ಸ್‌ಪೆಕ್ಟರಮ್ಮನಿಗೆ ಯಾಕೋ ಸಮಾಧಾನವಾಗಲಿಲ್ಲ. ಟೈಲರಮ್ಮನ ಮುಷ್ಟಿಯಲ್ಲಿ ಇನ್ನೂ ಸ್ಕ್ರೂಡ್ರೈವರ್ ಇತ್ತು. ಕೋಣೆ ಬಿಡಲ್ಲ ಅಂದವಳು ತನ್ನ ಮೇಜು ಬಿಚ್ಚಲು ಯಾಕೆ ಬರುತ್ತಾಳೆ?

ಡೊಳ್ಳಪ್ಪನನ್ನು ಮಂಚದ ಮೇಲೆ ಮಲಗಿಸಿದಳು. ಮಂಚ ಕಿರ್ರೆಂದಿತು. ಅಲ್ಲಿಂದಲೇ ಟೈಲರಮ್ಮನ ಗೋಡೆ ತಟ್ಟು ಅಂದಳು. ಆರಡಿ ಆಳು ತೋಳು ಚಾಚಿ, ಹೊಟ್ಟೆ ಹೊರಳಿಸಿ, ಏದುಸಿರು ಬಿಟ್ಟ. ಗೋಡೆ ಎಟುಕಲಿಲ್ಲ. ಲಕ್ವದ ಮುದುಕನಿಗೆ ಹೇಗೆ ಎಟುಕಬೇಕು? ತಟ್ಟಿದವರು ಬೇರೆ ಯಾರೋ.

"ನೀನು ತಟ್ಟಿದ ಮೇಲೆ ಏನೇನಾಯ್ತು? ಒಂದೊಂದೇ ಹೇಳಮ್ಮ," ಅಂದಳು.

"ಒಳಗಿಂದ ತಟ್ಟಿದ್ರು. ದೀಪ ಹಸಿರಾಗೋ ತನಕ ನಿಂತಿದ್ದೆ. ಆಮೇಲೆ ತೆಗ್ದೆ."

"ಅಲ್ಲೀ ತನಕ ಕೆಂಪಿತ್ತಾ?"

"ಹೂಂ. ದಿನಾ ಇರೋ ಹಾಗೇನೇ."

ಇನ್ಸ್‌ಪೆಕ್ಟರಮ್ಮ ಆಚೆಯ ಗೋಡೆಯತ್ತ ತಿರುಗಿ ನೋಡಿದಳು.

*

ಮಧ್ಯಾಹ್ನ ಮಗಳನ್ನು ಕೋಣೆಗೆ ಕರೆದು, ಅಪ್ಪನ ಬಟ್ಟೆಬರೆ ಬೇಕಾದರೆ ತೆಗೆದುಕೋ ಅಂದಳು. ಮಗಳ ಕಡೆಯ ಗೋಡೆ ತೆರೆದಿತ್ತು. ಟೈಲರಮ್ಮನ ಕಡೆಯದು ಮುಚ್ಚಿತ್ತು. ಮಗಳು ಹೊದಿಕೆ ಮಡಚುತ್ತಿದ್ದಳು. ಆಗ ಟೈಲರಮ್ಮನ ಕಡೆಯಿಂದ ಟಕ್ ಟಕ್ ಸದ್ದಾಯಿತು.

ಮಗಳು ತಲೆ ಕೂಡ ಎತ್ತಲಿಲ್ಲ. ಗೋಡೆಯ ಹತ್ತಿರ ಹೋಗಿ ಬೆರಳಿನ ಗೆಣ್ಣಿನಿಂದ ತಿರುಗಿ ತಟ್ಟಿದಳು. ಹೊದಿಕೆ ಬಗಲಿಗಿಟ್ಟು ತನ್ನ ಮನೆಯೊಳಗೆ ನಡೆದು ಗೋಡೆ ಮುಚ್ಚುವ ಗುಂಡಿಗೆ ಕೈಯಿಟ್ಟಳು. ಕೈ ಅಲ್ಲೇ ನಿಂತಿತು. ಏನು ಮಾಡಿದೆನೆಂದು ಅವಳಿಗೆ ಆಗ ಹೊಳೆಯಿತು.

"ಬೆಳಗ್ಗೇನೂ ಹೀಗೇ ಆಯ್ತಲ್ವಾ?" ಇನ್ಸ್‌ಪೆಕ್ಟರಮ್ಮ ಮೆಲ್ಲಗೆ ಕೇಳಿದಳು.

ಮಗಳು ಗುಂಡಿಯಿಂದ ಕೈ ತೆಗೆದಳು. ಇನ್ಸ್‌ಪೆಕ್ಟರಮ್ಮನೇ ಹೇಳಿದಳು. ಗೋಡೆ ರಾತ್ರಿಯೇ ಮುಚ್ಚಿದ್ದರೆ ದೀಪ ಮೊದಲೇ ಹಸಿರಿರಬೇಕಿತ್ತು. ಟೈಲರಮ್ಮ ಕಾದು ನಿಂತಳು ಅಂದರೆ ಆಗ ಈ ಗೋಡೆ ತೆರೆದೇ ಇತ್ತು, ಒಳಗೆ ನೀನಿದ್ದೆ. ಅವಳು ಅಷ್ಟು ಬೇಗ ಬರುತ್ತಾಳೆಂದು ನಿನಗೆ ಗೊತ್ತಿರಲಿಲ್ಲ. ವರ್ಷಗಟ್ಟಲೆ ದಿನಾ ಬೆಳಗ್ಗೆ ತಟ್ಟಿದ ಕೈ, ತಾನಾಗಿಯೇ ತಟ್ಟಿತು.

ಮಗಳು ಗೋಡೆಯ ಅಂಚಿನಲ್ಲೇ ಕೂತಳು. ಅಳು ನಿಂತಿತ್ತು.

"ಅಪ್ಪನ್ನ ಕರ್ಕೊಂಡು ಹೋಗು ಅಂತ ಅಣ್ಣನ ಕಾಲು ಹಿಡ್ದಿದ್ದೆ. ಟೈಲರಮ್ಮ ಕೋಣೆ ಕೊಡಲ್ಲ ಅಂದ್ರೆ ಕರ್ಕೊಂಡು ಹೋಗ್ತೀನಿ ಅಂದಿದ್ದ. ಅವ್ರು ಕೊಡಲ್ಲ ಅಂತ ಗೊತ್ತಿದ್ದೇ ಕೇಳಿದ್ದು ನಾನು. ಕೊಟ್ಟೇಬಿಟ್ರು." ಹೊದಿಕೆಯನ್ನು ಮಡಿಲಿಗೆ ಎಳೆದುಕೊಂಡು ಮತ್ತೆ ಅಂದಳು, "ಸರಿಹೋಯ್ತಲ್ಲ, ಇನ್ನು ಅಲ್ಲೇ ಇರ್ಲಿ ಅಂದ ಅಣ್ಣ. ಇದು ಮುಗಿಯೋದೇ ಇಲ್ಲ ಅನ್ನಿಸ್ತು. ಅಪ್ಪ ಅಂದ್ರೆ ನಂಗೆ ಜೀವ ಮೇಡಂ. ಆದ್ರೆ ಕೈಲಾಗ್ಲಿಲ್ಲ."

ಗೋಡೆ ತೆಳು. ಇನ್ಸ್‌ಪೆಕ್ಟರಮ್ಮ ಹೇಳಿದಂತೆ ತಟ್ಟಿ ಆಚೆ ನಿಂತಿದ್ದ ಟೈಲರಮ್ಮ ಅಷ್ಟನ್ನೂ ಕೇಳಿಸಿಕೊಂಡಳು. ಕೈಕೋಳದ ಭಯ ತಪ್ಪಿದ ಸಮಾಧಾನ ಅವಳಿಗೆ ಅರೆಗಳಿಗೆಯೂ ಉಳಿಯಲಿಲ್ಲ. ಒಳ್ಳೆಯದು ಮಾಡಲು ಹೋಗಿ ಆ ಜೀವ ತಾನೇ ತೆಗೆದೆ ಅನ್ನಿಸಿತು.

*

ಮಗಳನ್ನು ಲಿಫ್ಟಿನ ಬಳಿಗೆ ಕರೆತಂದಾಗ ಟೈಲರಮ್ಮ ಅಡ್ಡ ಬಂದಳು.

"ಮಕ್ಕಳ ಚಿಂತೆ ಬಿಡು. ನಾನು ನೋಡ್ಕೋತೀನಿ."

ಮಗಳು ಅವಳನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು.

"ಬೇಡ. ನೀವು ಇನ್ನೇನೂ ಕೊಡ್ಬೇಡಿ."

ಲಿಫ್ಟು ಇಳಿಯಿತು. ಮಕ್ಕಳನ್ನು ಇಟ್ಟುಕೊಳ್ಳಲು ಅಣ್ಣನಿಗೆ ಫೋನ್ ಮಾಡಿದರೆ ನಮ್ಮನೆಯಲ್ಲಿ ಜಾಗವಿಲ್ಲ ಅಂದ. ಸಂಜೆ ಅನಾಥಾಲಯದವರು ಬಂದು ಇಬ್ಬರು ಮಕ್ಕಳ ಕೈ ಹಿಡಿದು ಕರೆದೊಯ್ದರು. ಚಿಕ್ಕದು ತಿರುಗಿ ತಿರುಗಿ ನೋಡುತ್ತಿತ್ತು. ಟೈಲರಮ್ಮ ತನ್ನ ಬಾಗಿಲಲ್ಲೇ ನಿಂತಿದ್ದಳು. ಮಕ್ಕಳನ್ನು ಇಲ್ಲೇ ಬಿಡಿ ಎಂದು ಇನ್ನೊಂದು ಸಲ ಬಾಯಿ ತೆರೆಯುವ ಧೈರ್ಯ ಅವಳಿಗೆ ಬರಲಿಲ್ಲ.