ವ್ಯಾಸಲೀನ್ ಇಲ್ಲದ ಮುಖ

ಬೆಳಗ್ಗೆ ಎಂಟಕ್ಕೆ ಬಣ್ಣದ ಕೋಣೆಯ ಬಾಗಿಲು ತೆಗೆದವನೇ ಉಜ್ಜುವವನು ಕಂಬದಂತೆ ನಿಂತುಬಿಟ್ಟ. ಅರ್ಧ ಬಳಿದ ಕಾರಿನ ಪಕ್ಕ ಮುದಿ ಪೇಂಟರ್ ಅಂಗಾತ ಬಿದ್ದಿದ್ದ. ಮುಖಕ್ಕೆ ಮಾಸ್ಕ್, ಕೈಯಲ್ಲಿ ಸ್ಪ್ರೇ ಗನ್. ಮೈ ತಣ್ಣಗಾಗಿತ್ತು.

ಗ್ಯಾರೇಜಿನವರ ಪಾಲಿಗೆ ಇವನು ಐದು ತಿಂಗಳಿಂದ ಕಾರಿನ ಮೈ ಉಜ್ಜುವ ಕೂಲಿ. ಅಸಲಿಗೆ ಪೊಲೀಸ್ ಪೇದೆ. ಕದ್ದ ಕಾರುಗಳು ಇಲ್ಲಿ ಬಣ್ಣ ಬದಲಿಸುತ್ತವೆ ಎಂಬ ಗುಮಾನಿಯ ಮೇಲೆ ವೇಷ ಮರೆಸಿಕೊಂಡು ಬಂದವನು. ಮರಳು ಕಾಗದದ ಚೂರಿನಿಂದ ಮಾಸ್ಕಿನ ಅಂಚು ಎತ್ತಿ ನೋಡಿದ. ಕೆನ್ನೆ ಒಣಗಿತ್ತು.

"ಥಿನ್ನರ್ ಹೊಗೆ ಕುಡಿದು ಬಿದ್ದಿದಾನೆ, ಪಾಪ," ಎಂದು ಮ್ಯಾನೇಜರ್ ಲೊಚಗುಟ್ಟಿದ.

ತಲೆಯ ಹಿಂದಿನ ಗಾಯ ಬಿದ್ದದ್ದಲ್ಲ, ಹೊಡೆದದ್ದು ಎಂದರು ಸ್ಥಳೀಯ ಠಾಣೆಯವರು. ಮ್ಯಾನೇಜರ್ ತಕ್ಷಣ ರಾಗ ಬದಲಿಸಿದ. "ಹಾಗಾದ್ರೆ ವೆಲ್ಡರ್‌ದೇ ಕೆಲಸ! ರೇಡಿಯೊ ಜೋರು ಅಂತ ನಿನ್ನೆ ಮುದುಕನ ಕಾಲರ್ ಹಿಡಿದಿದ್ದ."

ವೆಲ್ಡರ್‌ನನ್ನು ಎಳೆದುಕೊಂಡು ಹೋದರು. ಅವನ ಹೆಂಡತಿ ಗೇಟಿನಲ್ಲಿ ಕಿರುಚಿದಳು. "ಜೊತೇಲಿ ಉಣ್ಣೋರಲ್ಲವೇನ್ರೋ! ಒಬ್ರಾದ್ರೂ ಬಾಯಿ ಬಿಡ್ರೋ!"

ಉಜ್ಜುವವನು ಮರಳು ಕಾಗದ ಎತ್ತಿಕೊಂಡ.

* * *

"ಸರ್, ಕೊಂದಿದ್ದು ಮ್ಯಾನೇಜರ್," ಎಂದ ಫೋನಿನಲ್ಲಿ, ತನ್ನ ಸಾಹೇಬರಿಗೆ.

"ಹೆಂಗಯ್ಯಾ?"

"ಬಣ್ಣ ಅಂಟಬಾರದು ಅಂತ ಪೇಂಟರ್ ಮೊದಲು ಮುಖಕ್ಕೆಲ್ಲ ವ್ಯಾಸಲೀನ್ ಮೆತ್ಕೋತಾನೆ, ಆಮೇಲೆ ಮಾಸ್ಕ್. ಇವತ್ತು ಮುಖ ಒಣಗಿತ್ತು. ಸತ್ತಮೇಲೆ ಯಾರೋ ಮಾಸ್ಕ್ ಹಾಕಿದಾರೆ. ಮುದುಕನ ಬೆರಳು ಬಿಗಿ ಸರ್, ದಿನಾ ಡಬ್ಬಿ ಮುಚ್ಚಳ ತೆಗೆದುಕೊಡ್ತಿದ್ದೋನೇ ವೆಲ್ಡರ್. ಮಾಸ್ಕ್ ಹಾಕಿದ್ದು ಅವನೇ ಆಗಿದ್ರೆ ವ್ಯಾಸಲೀನ್ ಮರೀತಾನಾ? ಮಹಡಿ ಮೇಲಿನ ಗಾಜಿನ ರೂಮಿಂದ ಇಳಿಯದ ಮ್ಯಾನೇಜರ್‌ಗೆ ಮಾತ್ರ ಇದು ಗೊತ್ತಿಲ್ಲ. ಮಾಸ್ಕ್ ಪಟ್ಟಿಯ ಬಕಲ್ ಮೇಲೆ ಬೆರಳಚ್ಚು ತೆಗೆಸಿ."

"ತೆಗೆಸ್ತೀನಿ. ಶುಕ್ರವಾರ ಕದ್ದ ಕಾರು ಬರೋ ತನಕ ಉಸಿರೆತ್ತಬೇಡ. ಮಾಲೀಕನೂ ಸಿಗಬೇಕು."

"ಅಷ್ಟರಲ್ಲಿ ವೆಲ್ಡರ್ ಮೂಳೆ ಮುರೀತಾರೆ ಸರ್!"

"ಆ ಠಾಣೆಗೆ ಹೇಳಿದ್ರೆ ಸಂಜೆಯೊಳಗೆ ಮ್ಯಾನೇಜರ್ ಕಿವಿಗೆ ಬೀಳುತ್ತೆ. ಉಜ್ಜೋದು ನಿನ್ನ ಕೆಲಸ. ಉಜ್ಜು."

ಉಜ್ಜಿದ. ಮೂರು ದಿನ. ಬೆರಳ ತುದಿ ಕಿತ್ತು ಬಂತು.

* * *

ಶುಕ್ರವಾರ ಮೂರು ಕದ್ದ ಕಾರುಗಳ ಸಮೇತ ಮಾಲೀಕ ಸಿಕ್ಕಿಬಿದ್ದ. ಬಕಲ್ ಮೇಲಿನ ಬೆರಳಚ್ಚು ಮ್ಯಾನೇಜರ್‌ದೇ. ವೆಲ್ಡರ್ ಹೊರಬಂದ, ವೆಲ್ಡಿಂಗ್ ಟಾರ್ಚ್ ಹಿಡಿಯುವ ಬಲಗೈಗೆ ಪ್ಲಾಸ್ಟರ್.

"ಕಾರುಗಳ ವಿಷಯ ಪೊಲೀಸರಿಗೆ ಹೇಳೋಣ ಅಂತ ಮುದುಕ ಬಂದ. ಹೊಡೆದುಬಿಟ್ಟೆ," ಎಂದ ಮ್ಯಾನೇಜರ್, ಸಾಹೇಬರ ವಿಚಾರಣೆಯಲ್ಲಿ.

"ಠಾಣೆಗೆ ಬರೋದು ಬಿಟ್ಟು ನಿನ್ನ ಹತ್ರ ಯಾಕೆ ಬಂದ?" ಸಾಹೇಬರು ಗದರಿದರು.

"ಠಾಣೆ ಅಂದ್ರೆ ನಡುಕ ಅವನಿಗೆ. ನಂಬೋ ಅಂಥ ಪೊಲೀಸ್ ಯಾರಾದ್ರೂ ಗೊತ್ತಾ ಅಂತ ಮೊದಲು ಇವನನ್ನೇ ಕೇಳಿದ್ನಂತೆ." ಮ್ಯಾನೇಜರ್ ಪೇದೆಯತ್ತ ಗದ್ದ ಎತ್ತಿದ. "'ಯಾರೂ ಗೊತ್ತಿಲ್ಲ ತಾತ, ಸುಮ್ನಿರು' ಅಂದ್ನಂತೆ. ಅದಕ್ಕೇ ನನ್ನ ಹತ್ರ ಬಂದ."

ಹೇಳಿಕೆ ಬರೆದುಕೊಳ್ಳುತ್ತಿದ್ದ ರೈಟರ್ ಪೆನ್ನು ಎತ್ತಿದ. "ಇದನ್ನೂ ಬರೀಲಾ ಸರ್?"

ಸಾಹೇಬರು ಕಿಟಕಿಯ ಕಡೆ ತಿರುಗಿದರು.

"ಬರೀರಿ," ಎಂದ ಪೇದೆ.