ಬಿರುಕಿನ ಮೇಲಿನ ಗಾಜು

ಗಾಜು ಒಡೆದಿತ್ತು.

ಇಂಜಿನಿಯರ್ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದ. ಹಿಂದೆ ನಿಂತಿದ್ದ ಟೈಲರ್ ಹೆಂಗಸಿಗೆ ಅವನ ಮುಖ ಕಾಣುತ್ತಿರಲಿಲ್ಲ. ಕಾಲರ್ ಮೇಲೆ ಕೂತ ಸುಣ್ಣದ ಪುಡಿ ಮಾತ್ರ ಕಾಣುತ್ತಿತ್ತು. ಅದನ್ನು ಕೊಡವಿಬಿಡಲು ಅವಳ ಕೈ ತುಡಿಯುತ್ತಿತ್ತು.

ಈ ಹಳೇ ಮನೆ ಕೊಳ್ಳಲು ಹೊರಟವಳು ಅವಳೇ. ಅಡುಗೆಮನೆ ಗೋಡೆಯಲ್ಲಿ ಬಿರುಕು ಕಂಡು, ಅವನು ಅದಕ್ಕೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿದ್ದ. ಮೂರು ವಾರ ಗಾಜು ಉಳಿದರೆ ಗೋಡೆ ಗಟ್ಟಿ. ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಅಂತ ಅರ್ಥ. ಪ್ರತಿ ಶನಿವಾರ ಬಂದು ನೋಡುತ್ತಿದ್ದ. ಇವತ್ತೇ ಕೊನೆ. ಐದು ಗಂಟೆಯೊಳಗೆ ಹೂಂ ಅನ್ನದಿದ್ದರೆ ಮಾಲೀಕರು ಬೇರೆಯವರಿಗೆ ಮಾತು ಕೊಡುತ್ತಾರೆ. ಈಗಲೇ ನಾಲ್ಕೂವರೆ.

"ಈ ಮನೆ ಬೇಡ ಅಂತ ರಿಪೋರ್ಟ್ ಬರೀತೀನಿ ಮೇಡಂ," ಅಂದು ಪೆನ್ನು ತೆಗೆದ.

ಹೊಲಿಗೆ ಮಷೀನಿಗೆ ಹೇಳಿ ಮಾಡಿಸಿದಂಥ ಬೆಳಕಿನ ಮುಂದಿನ ಕೋಣೆ, ಅಮ್ಮ ಮೆಟ್ಟಿಲು ಹತ್ತದೆ ಓಡಾಡಬಹುದಾದ ಮನೆ, ಎಲ್ಲ ಆ ಪೆನ್ನಿನ ತುದಿಯಲ್ಲಿ ನೇತಾಡುತ್ತಿತ್ತು.

"ಬರೀಬೇಡಿ." ಅವಳು ಪೆನ್ನಿಗೆ ಕೈ ಅಡ್ಡ ಹಿಡಿದಳು. "ತಾನಾಗಿ ಒಡೆದದ್ದಲ್ಲ. ನಾನೇ ಒಡೆದೆ."

ಅವನು ತಿರುಗಿದ.

"ಬುಧವಾರ ಮಾಲೀಕರ ಹತ್ರ ಬೀಗದಕೈ ಇಸ್ಕೊಂಡು ಪರದೆಗೆ ಅಳತೆ ತಗೊಳ್ಳೋಕೆ ಬಂದಿದ್ದೆ. ಕೈಯಲ್ಲಿ ಕತ್ತರಿ ಇತ್ತು."

"ತಗುಲಿತಾ?"

"ಕುಟ್ಟಿದೆ."

"ಯಾಕೆ?"

ಅವಳು ಕಿಟಕಿಯತ್ತ ನೋಡಿದಳು. "ಒಡೆದ್ರೆ ಹೊಸದು ಅಂಟಿಸ್ತೀರಿ, ಇನ್ನೂ ಮೂರು ಶನಿವಾರ ಬರ್ತೀರಿ ಅಂದ್ಕೊಂಡೆ. ಮಾಲೀಕರು ಗಡುವು ಹಾಕಿದ್ದು ಆಮೇಲೆ, ನಿನ್ನೆ."

ಅವನ ಕಿವಿ ಕೆಂಪಾಯಿತು. ಜೇಬಿನಿಂದ ಸಣ್ಣ ಸ್ಕೇಲು ತೆಗೆದು, ಬಿರುಕಿನ ಎರಡೂ ಬದಿ ಮೊದಲ ದಿನವೇ ಹಾಕಿಟ್ಟಿದ್ದ ಪೆನ್ಸಿಲ್ ಗುರುತುಗಳ ನಡುವೆ ಹಿಡಿದ. ಬರೀ ಗಾಜನ್ನು ನಂಬಿ ಕೂರುವವನಲ್ಲ ಅವನು. ಒಮ್ಮೆ ಅಳೆದ. ಕನ್ನಡಕ ಒರೆಸಿಕೊಂಡು ಮತ್ತೆ ಅಳೆದ.

ಅವನ ಭುಜ ಇಳಿದದ್ದು ನೋಡಿಯೇ ಅವಳಿಗೆ ಗೊತ್ತಾಯಿತು.

"ಬಿರುಕು ಎರಡು ಮಿಲಿಮೀಟರ್ ಜಾಸ್ತಿ ಆಗಿದೆ. ನೀವು ಕುಟ್ಟದೆ ಇದ್ದಿದ್ರೂ ಒಡೀತಿತ್ತು."

"ನನ್ನ ಮೇಲಿನ ಸಿಟ್ಟಿಗೆ ಹೇಳ್ತಿಲ್ಲ ತಾನೇ?"

"ಸಿಟ್ಟಾ?" ಸ್ಕೇಲು ಅವಳ ಕೈಗಿಟ್ಟ. "ನೀವೇ ಅಳೀರಿ. ಒಂದು ಸುಳ್ಳು ಬರೆದ್ರೆ ನೀವು ಈ ಮನೆಗೆ, ನನ್ನ ಆಫೀಸಿನ ಎದುರಿಗೇ ಬರ್ತೀರಿ. ಆ ಆಸೆ ನನಗಿಲ್ವಾ? ಆದ್ರೆ ಈ ಗೋಡೆ ಪಕ್ಕ ನೀವೂ ಅಮ್ಮನೂ ಅಡುಗೆ ಮಾಡ್ತಿದ್ದೀರಿ ಅಂತ ನೆನೆಸ್ಕೊಂಡ್ರೆ ನನಗೆ ನಿದ್ದೆ ಹತ್ತಲ್ಲ."

ಅವಳು ಅಳೆದಳು. ಎರಡೇ ಮಿಲಿಮೀಟರ್. ಬಟ್ಟೆಯಾಗಿದ್ದರೆ ಇಸ್ತ್ರಿಯಲ್ಲೇ ಮುಚ್ಚಿಹೋಗುತ್ತಿತ್ತು.

ಫೋನ್ ತೆಗೆದಳು. "ಯಜಮಾನ್ರೇ, ಮನೆ ನನಗೆ ಬೇಡ. ಗೋಡೆ ಸರೀತಿದೆ. ಮುಂದೆ ತಗೊಳ್ಳೋರಿಗೂ ಹೇಳಿಬಿಡಿ."

ಫೋನ್ ಇಟ್ಟಾಗ ಕಣ್ಣು ತುಂಬಿತ್ತು. "ಇನ್ನು ನಿಮಗೆ ಬರೋಕೆ ಕೆಲಸ ಇಲ್ಲ."

"ಕೆಲಸ ಇಲ್ಲದೆ ಬರಬಹುದಾ? ಶನಿವಾರ, ನಿಮ್ಮ ಬಾಡಿಗೆ ಮನೆಗೆ?"

"ನಾಲ್ಕನೇ ಮಹಡಿ. ಲಿಫ್ಟ್ ಇಲ್ಲ."

"ಹತ್ತೀನಿ."

"ಅಮ್ಮ ನೂರೆಂಟು ಪ್ರಶ್ನೆ ಕೇಳ್ತಾರೆ."

"ಅದಕ್ಕೇ ಭಯ ಆಗ್ತಿದೆ," ಅಂದ, ನಿಜಕ್ಕೂ ಭಯಬಿದ್ದವನ ಹಾಗೆ.

ಅವಳು ಅಂಗೈಯಲ್ಲಿ ಕಣ್ಣೊರೆಸಿಕೊಂಡಳು. "ಹಾಗಾದ್ರೆ ಒಂದು ವಾರ ಭಯ ಯಾಕೆ ಪಡ್ತೀರಿ? ನಾಳೆನೇ ಬಂದುಬಿಡಿ."