ಯಾರೂ ನೋಡದ ಆಟ

"ಬಾಯಿ ತೆಗೀರಿ. ಇನ್ನೂ ದೊಡ್ಡದಾಗಿ."

ಕುರ್ಚಿಯಲ್ಲಿ ಒರಗಿದ್ದವನು ಬಾಯಿ ತೆರೆದ. ಮೇಲಿನ ಸಾಲಿನ ಮುಂಭಾಗದಲ್ಲಿ ಇರಬೇಕಾಗಿದ್ದ ಒಂದು ಹಲ್ಲು ಅಲ್ಲಿರಲಿಲ್ಲ. ಅದು ಅವನ ಕೈಯಲ್ಲಿದ್ದ ಪೇಪರ್ ಕಪ್ಪಿನೊಳಗೆ, ಚಾಕೊಲೇಟ್ ಹಾಲಿನ ತಳದಲ್ಲಿ ಕುಳಿತಿತ್ತು!

ಡಾಕ್ಟರ್ ಸುಮೇಧಾ ಕಪ್ಪಿನೊಳಗೆ ಇಣುಕಿ ನೋಡಿ ಹುಬ್ಬು ಗಂಟಿಕ್ಕಿದಳು.

"ಬಿದ್ದ ಹಲ್ಲನ್ನ ಹಾಲಲ್ಲಿ ಇಡಬೇಕು, ಸರಿ. ಚಾಕೊಲೇಟ್ ಹಾಲಾ?"

"ರಿಂಕಿನ ಮಶೀನ್‌ದಾಗ ಅದೊಂದ ಇತ್ರೀ..."

ರಿಂಕ್, ಅಂದರೆ ಐಸಿನ ಅಂಗಳ! ಆ ಒಂದು ಪದಕ್ಕೆ ಅವಳ ಮುಖ ಬಿಗಿಯಿತು.

"ಐಸ್ ಹಾಕಿನಾ?"

"ಹ್ಞೂಂರಿ..."

ಇಷ್ಟು ಸಾಕಾಯಿತು. ಟೆಕ್ಸಾಸ್‌ನ ಹ್ಯೂಸ್ಟನ್ನಿನಲ್ಲಿ ಬೆಳೆದು, ಅದೇ ರಾಜ್ಯದ ಲೂಯಿಸ್‌ವಿಲ್‌ನಲ್ಲಿ ಹಲ್ಲಿನ ಕ್ಲಿನಿಕ್ ತೆರೆದಿದ್ದ ಈ ಮೈಸೂರು ಮೂಲದ ಹುಡುಗಿ ಮಕ್ಕಳ ಹತ್ತಿರ ಬೆಣ್ಣೆಯಂತೆ ಮಾತಾಡುತ್ತಿದ್ದಳು. ಐಸ್ ಹಾಕಿ ಎಂದರೆ ಮಾತ್ರ ಮೈಮೇಲೆ ಬಂದವರ ಹಾಗೆ ಆಡುತ್ತಿದ್ದಳು. ಯಾಕೆಂದು ಕೇಳುವ ಧೈರ್ಯ ಅವಳ ನರ್ಸಿಗೂ ಇರಲಿಲ್ಲ.

ಅವಳು ಹಲ್ಲನ್ನು ತೊಳೆದು ಅದರ ಜಾಗದಲ್ಲಿ ಕೂರಿಸುತ್ತಾ ಶುರು ಮಾಡಿದಳು.

"ಈ ದೇಶದವರೇ ನೋಡದ ಆಟ ಇದು, ಗೊತ್ತಾ? ಟೀವಿಯಲ್ಲಿ ಆ ಪಕ್ ಅನ್ನೋ ಕರಿ ಬಿಲ್ಲೆ ಕಣ್ಣಿಗೇ ಕಾಣಲ್ಲ. ಕಾಣೋಷ್ಟರಲ್ಲಿ ಗೋಲ್ ಆಗಿರುತ್ತೆ, ಇಲ್ಲಾ ಹೊಡೆದಾಟ ಆಗಿರುತ್ತೆ. ಸ್ಕೇಟ್ಸು, ಪ್ಯಾಡು, ಹೆಲ್ಮೆಟ್ಟು ಅಂತ ಅಪ್ಪ-ಅಮ್ಮ ಮನೆ ಮಾರಬೇಕು. ಪ್ರಾಕ್ಟೀಸಿಗೆ ಕೋಳಿ ಕೂಗೋಕೆ ಮುಂಚೆ ಏಳಬೇಕು. ಇಷ್ಟೆಲ್ಲಾ ಮಾಡಿ ಕೊನೆಗೆ ಸಿಗೋದೇನು? ಇದು!"

"ಆಂ... ಊಂ..."

"ಮಾತಾಡಬೇಡಿ, ಹಲ್ಲು ಅಲುಗುತ್ತೆ."

ಪಕ್ಕದ ಹಲ್ಲುಗಳಿಗೆ ತಂತಿ ಬಿಗಿದ ಮೇಲೆಯೇ ಅವನಿಗೆ ಬಿಡುಗಡೆ. ಅವನ ಹೆಸರು ಶ್ರೀಶೈಲ್. ಬಾಗಲಕೋಟೆಯಿಂದ ಬಂದು ಆಸ್ಟಿನ್ ಹತ್ತಿರದ ಲಿಯಾಂಡರ್‌ನಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಮಹಾಂತಪ್ಪನ ಮಗ. ಲೂಯಿಸ್‌ವಿಲ್‌ನ ಕೂಲಿಂಗ್ ಕಂಪನಿಯಲ್ಲಿ ಇಂಜಿನಿಯರ್. ಶನಿವಾರ ಮಕ್ಕಳಿಗೆ ಹಾಕಿ ಕೋಚ್. ಹತ್ತಿ ಕಚ್ಚಿಕೊಂಡೇ ಬಾಗಿಲ ಬಳಿ ನಿಂತು ಅವನು ತಿರುಗಿ ನೋಡಿದ.

"ಎದುರಿನವರ ಬಾಯಾಗ ಕೈ ಹಾಕಿ ವಾದಾ ಮಾಡೋದು ಭಾಳ ಸಲೀಸ್ರೀ, ಡಾಕ್ಟ್ರೇ."

ಎಷ್ಟು ಕೊಬ್ಬು ಇವನಿಗೆ! ಸುಮೇಧಾ ಗ್ಲೌಸ್ ಕಿತ್ತು ಡಬ್ಬಕ್ಕೆ ಎಸೆದಳು.

*

ಎರಡನೇ ಸಲ ಅವರು ಎದುರಾದದ್ದು ಪಕ್ಕದ ಊರು ಫ್ಲವರ್ ಮೌಂಡ್‌ನಲ್ಲಿ, ಕನ್ನಡ ಸಂಘದ ಅಧ್ಯಕ್ಷ ಸತ್ಯಪ್ರಕಾಶ ಅಂಕಲ್ ಮನೆಯಲ್ಲಿ. 2016ರ ಜೂನ್ ತಿಂಗಳು. ಮಕ್ಕಳ ಬೇಸಿಗೆ ಶಿಬಿರಕ್ಕೆ ಕ್ರಿಕೆಟ್, ಬ್ಯಾಸ್ಕೆಟ್‌ಬಾಲ್ ಜೊತೆ ಮೂರನೆಯ ಆಟ ಯಾವುದಿರಬೇಕು ಎಂಬ ಚರ್ಚೆ. ಶ್ರೀಶೈಲ್ ಐಸ್ ಹಾಕಿ ಎಂದ.

"ಐಸ್ ಮೇಲೆ ಆಡಿದ್ರೆ ಮಕ್ಕಳಿಗೆ ನೆಗಡಿ ಆಗಲ್ವಾ?" ಒಬ್ಬ ಆಂಟಿ ಗಾಬರಿಯಾದರು.

"ಅಮೆರಿಕದವರೇ ತಿರುಗಿ ನೋಡಲ್ವಂತೆ. ನಮಗ್ಯಾಕಪ್ಪಾ?" ಇನ್ನೊಬ್ಬರು ಕೋಸಂಬರಿಗೆ ಚಮಚ ಹಾಕುತ್ತಾ ಕೇಳಿದರು.

ಶ್ರೀಶೈಲ್ ನಕ್ಕ. "ಮಂದಿ ತಾವು ಆಡಿದ್ದ ಆಟಾನ ನೋಡ್ತಾರ್ರೀ ಅಂಕಲ್. ಫುಟ್‌ಬಾಲಿಗೆ ಸಾಲಿ ಮೈದಾನ ಐತಿ. ಬ್ಯಾಸ್ಕೆಟ್‌ಬಾಲಿಗೆ ಗ್ಯಾರೇಜ್ ಮ್ಯಾಲಿನ ಒಂದು ರಿಂಗ್ ಸಾಕು. ಹಾಕಿಗೆ ಮೊದಲ ನೀರು ಹೆಪ್ಪುಗಟ್ಟಬೇಕು! ಉತ್ತರದಾಗ ಕೆರಿ ಹೆಪ್ಪುಗಟ್ಟತಾವ, ಹುಡುಗರು ಹಂಗ ಕಲೀತಾರ. ನಮ್ಮ ಟೆಕ್ಸಾಸ್‌ದಾಗ ನೀರು ಫ್ರಿಜ್‌ನ್ಯಾಗಷ್ಟ ಗಟ್ಟಿ ಆಗೋದು. ಆಡದವರು ನೋಡಂಗಿಲ್ಲ, ನೋಡದವರು ಆಡಸಂಗಿಲ್ಲ. ಎಲ್ಲೋ ಒಂದು ಕಡೆ ಶುರು ಆಗಬೇಕಲ್ರೀ?"

ಮಾತಿನಲ್ಲಿ ಸತ್ಯವಿತ್ತು. ಕೆಲವು ತಲೆಗಳು ಅಲುಗಿದವು. ಅಷ್ಟರಲ್ಲಿ ಅಂಕಲ್ ಸುಮೇಧಾಳ ಕಡೆ ತಿರುಗಿದರು. "ನೀನೇನಮ್ಮಾ ಹೇಳ್ತೀಯ? ಡಾಕ್ಟರ್ ನೀನು."

ಅವಳು ಸೆರಗಿಗೆ ಬೆಂಕಿ ಬಿದ್ದವಳ ಹಾಗೆ ಎದ್ದಳು.

"ಕಳುಹಿಸಲೇಬೇಡಿ ಅಂಕಲ್. ಬೇಸಿಗೆಯಲ್ಲಿ ಆಟದ ಮೂರು ಪೀರಿಯಡ್‌ನಲ್ಲಿ ಎರಡನೇದು ಮುಗಿಯೋ ಹೊತ್ತಿಗೆ ಐಸ್ ಮೆತ್ತಗಾಗುತ್ತೆ. ಪಕ್ ನೆಲ ಬಿಟ್ಟು ನೆಗೆಯೋಕೆ ಶುರು ಮಾಡುತ್ತೆ. ಹಲ್ಲು ಹೋಗೋದೇ ಆಗ. ಈ ಆಟ ಯಾರಿಗೂ ಏನೂ ಕೊಡಲ್ಲ. ಇರೋದನ್ನೂ ಕಿತ್ಕೊಂಡು ಹೋಗುತ್ತೆ!"

ಕಡೆಯ ವಾಕ್ಯ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. ಕೈ ಎತ್ತಿಸಿದಾಗ ಮೂರನೆಯ ಆಟವಾಗಿ ವಾಲಿಬಾಲ್ ಗೆದ್ದಿತು.

ಹೊರಗೆ ಬಿಸಿಲು ಕಾದ ಹಂಚಿನಂತಿತ್ತು. ಕಾರಿನ ಬಾಗಿಲಿಗೆ ಕೈ ಇಟ್ಟ ಸುಮೇಧಾಳ ಹಿಂದೆ ಹೆಜ್ಜೆ ಸಪ್ಪಳ.

"ಗೆದ್ರಿ. ಸಂತೋಷ ಆತಾ?"

"ತುಂಬಾ."

"ಆತ್ರಿ. ಒಂದ ಮಾತು ಕೇಳಲಿ? ಎರಡನೇ ಪೀರಿಯಡ್‌ನ್ಯಾಗ ಐಸ್ ಮೆತ್ತಗಾಗೋದು ಟೀವಿ ನೋಡಿದವರಿಗೆ ತಿಳಿಯಂಗಿಲ್ಲ. ರಿಂಕಿನ ಗಾಜಿನ ಹಿಂದ ವರ್ಷಗಟ್ಟಲೆ ಕುಂತವರಿಗಷ್ಟ ತಿಳಿಯೋದು. ಎಲ್ಲಿ ಕುಂತಿದ್ರಿ ನೀವು?"

ಸುಮೇಧಾಳ ಕೈ ಬಾಗಿಲ ಮೇಲೆಯೇ ನಿಂತಿತು. ಇವನಿಗೆ ಯಾಕೆ ಹೇಳಬೇಕು? ಹೇಳಬಾರದು... ಆದರೆ ಸಿಟ್ಟು ಬಾಯಿಯ ಚಿಲಕ ತೆಗೆದೇ ಬಿಟ್ಟಿತು.

"ಹ್ಯೂಸ್ಟನ್‌ನಲ್ಲಿ! ನಮ್ಮಪ್ಪನ ಪಕ್ಕದಲ್ಲಿ! ಅಪ್ಪ ಹಾರ್ಟ್ ಡಾಕ್ಟರ್. ಊರಿಗೆಲ್ಲಾ ಸಿಗೋರು, ಮನೆಗೆ ಸಿಗ್ತಿರಲಿಲ್ಲ. ಶುಕ್ರವಾರ ಸಂಜೆ ಮ್ಯಾಚ್ ಇದ್ರೆ ಮಾತ್ರ ಪೇಜರ್ ಆಫ್ ಮಾಡಿ ನನ್ನನ್ನ ಕರ್ಕೊಂಡು ಹೋಗೋರು. ಎಂಟು ವರ್ಷದವಳಿದ್ದಾಗಿಂದ! ಅಪ್ಪನ ಕೋಟು ಹೊದ್ದುಕೊಂಡು ಕೂರ್ತಿದ್ದೆ. 2013ರಲ್ಲಿ ನಮ್ಮೂರ ಹಾಕಿ ಟೀಮ್ ಗಂಟುಮೂಟೆ ಕಟ್ಕೊಂಡು ಬೇರೆ ರಾಜ್ಯಕ್ಕೆ ಹೋಯ್ತು. ಯಾರನ್ನೂ ಕೇಳಲಿಲ್ಲ. ಅಪ್ಪ ಶುಕ್ರವಾರಾನೂ ಕ್ಲಿನಿಕ್ ಇಟ್ಕೊಂಡ್ರು. ಅಷ್ಟೇ... ಮುಗೀತು."

ಅವಳು ಮುಖ ತಿರುಗಿಸಿದಳು.

"ಹಾಕಿ ಯಾಕೆ ಜನಕ್ಕೆ ಇಷ್ಟ ಆಗಲ್ಲ ಅಂತ ಒಳಗೆ ಅಷ್ಟೊಂದು ಹೇಳಿದ್ರಲ್ಲ? ಇದನ್ನೂ ಸೇರಿಸ್ಕೊಳ್ಳಿ. ಈ ಕಡೆ ಅದು ಅತಿಥಿ ಥರ ಬರುತ್ತೆ, ಹೇಳದೆ ಹೋಗುತ್ತೆ. ನಾಳೆ ಹೋಗೋರಿಗೆ ಇವತ್ತು ಮನಸ್ಸು ಕೊಡೋಕೆ ಯಾರಿಗೆ ಹುಚ್ಚು?"

ಶ್ರೀಶೈಲ್ ವಾದಕ್ಕಿಳಿಯದೆ ಅವಳ ಕಾರಿನ ಬಾಗಿಲು ತೆರೆದು ಹಿಡಿದ. ಅವಳಿಗೆ ಅದೇ ಕಷ್ಟವಾಯಿತು.

"ಶನಿವಾರ ಮುಂಜಾನೆ ಪ್ರಾಕ್ಟೀಸ್ ಇರ್ತೈತಿ," ಎಂದ. "ಬಂದು ಕುಂದ್ರಿ. ಬೈಯಾಕ ಬಂದ್ರೂ ನಡೀತೈತಿ."

*

ಬೈಯುವುದಕ್ಕೇ ಹೋದಳು!

ಹಾಗೆಂದು ಅವಳೇ ಅಂದುಕೊಂಡಳು, ಪಾಪ. ಗಾಜಿನ ಹಿಂದಿನ ತಣ್ಣನೆ ಬೆಂಚಿನಲ್ಲಿ ಶಾಲು ಹೊದ್ದು ಕುಳಿತು ಅವನ ಪ್ರತಿಯೊಂದು ತಪ್ಪನ್ನೂ ಹೆಕ್ಕಿದಳು. "ಆ ಮಕ್ಕಳಿಗೆ ಮೊದಲು ಬೀಳೋದು ಹೇಗೆ ಅಂತ ಕಲಿಸಿ!" ಎಂದಳು. "ಮೌತ್ ಗಾರ್ಡ್ ಇಲ್ಲದೆ ಒಬ್ಬರನ್ನೂ ಒಳಗೆ ಬಿಡಬೇಡಿ!" ಎಂದಳು. ಮುಂದಿನ ವಾರ ತಾನೇ ಎಲ್ಲ ಮಕ್ಕಳ ಬಾಯಿಗೂ ಅಳತೆ ತೆಗೆದು ಮೌತ್ ಗಾರ್ಡ್ ಮಾಡಿಕೊಟ್ಟಳು. ಆಮೇಲೂ ಬೈದಳು.

ಒಂದು ದಿನ ಸಣ್ಣ ಹುಡುಗಿಯೊಬ್ಬಳು ಮೊದಲ ಗೋಲ್ ಹೊಡೆದಾಗ ಬೆಂಚಿನಿಂದ ಜಿಗಿದು ಗಾಜು ಬಡಿದವಳು ಯಾರು? ನಮ್ಮ ಸುಮೇಧಾ! ಐಸ್ ಮೇಲಿಂದ ಶ್ರೀಶೈಲ್ ತಿರುಗಿ ನೋಡಿದ. ತಂತಿ ತೆಗೆಸಿಕೊಂಡಿದ್ದ ಹಲ್ಲನ್ನೂ ತೋರಿಸಿ ನಕ್ಕ. ಅವಳು ತಟ್ಟನೆ ಕುಳಿತು ಫೋನ್ ನೋಡುವ ನಾಟಕ ಮಾಡಿದಳು. ಎದೆ ಮಾತ್ರ ಹೇಳಿದ ಮಾತು ಕೇಳಲಿಲ್ಲ...

ಅಯ್ಯೋ, ಮತ್ತೆ ಬೇಡ. ಮತ್ತೆ ಅದೇ ಬೆಂಚು, ಅದೇ ಚಳಿ, ಹತ್ತಿರದಲ್ಲೇ ಒಬ್ಬರು ಇದ್ದಾರೆನ್ನುವ ಅದೇ ಸುಖ... ಬೇಡವೇ ಬೇಡ ಎಂದು ಪ್ರತಿ ಶನಿವಾರ ನಿರ್ಧರಿಸಿ, ಪ್ರತಿ ಶನಿವಾರ ಹೋದಳು.

ಆಗಸ್ಟಿನಲ್ಲಿ ಶ್ರೀಶೈಲನ ಅಜ್ಜಿ ಶಿವಬಸವ್ವ ಹಲ್ಲಿನ ಸೆಟ್ ಮಾಡಿಸಿಕೊಳ್ಳಲು ಕ್ಲಿನಿಕ್ಕಿಗೆ ಬಂದರು. ಲಿಯಾಂಡರ್‌ನಿಂದ ಇಷ್ಟು ದೂರ ಬಂದ ಕಾರಣ ಬರೀ ಹಲ್ಲಲ್ಲ, ಮೊಮ್ಮಗ ದಿನಾ ಹೊಗಳುವ ಡಾಕ್ಟರನ್ನು ಕಣ್ಣಾರೆ ನೋಡುವ ಆಸೆ.

"ಲಗೂನ ಮಾಡವಾ ತಾಯಿ. ನಮ್ಮ ಹುಡುಗ ಉತ್ತರದ ಮಿನ್ನೆಸೋಟಾಕ್ಕ ಹೊಂಟಾನ. ಐಸ್ ಮಾಡೋ ದೊಡ್ಡ ಕಂಪನಿಯಾಗ ಅವಂಗ ನೌಕರಿ ಬಂದೈತಿ. ಅಲ್ಲೆ ಮನೀಗೊಂದು ಹಾಕಿ ಕೋಲು ಇರ್ತೈತಂತ! ಅಂವಾ ಹೋದಮ್ಯಾಲ ನನ್ನ ಇಲ್ಲೀತನಾ ಕರಕೊಂಡು ಬರೋರು ಯಾರು?"

ಸುಮೇಧಾ ಕೈಯಲ್ಲಿದ್ದ ಹಲ್ಲಿನ ಅಚ್ಚನ್ನು ಟ್ರೇ ಮೇಲಿಟ್ಟು ಗ್ಲೌಸ್ ಕಿತ್ತಳು.

ಹೋಗುತ್ತಾನೆ. ಹೋಗೇ ಹೋಗುತ್ತಾನೆ! ಹಾಕಿ ಆಡುವವನು ಐಸ್ ಇರುವ ಕಡೆ ಹೋಗದೆ ಇನ್ನೆಲ್ಲಿಗೆ ಹೋದಾನು? ನನಗೆ ಒಂದು ಮಾತು... ಒಂದೇ ಒಂದು ಮಾತು ಹೇಳಬೇಕು ಅನ್ನಿಸಲಿಲ್ಲವಾ?

ಅಂದು ಸಂಜೆಯಿಂದ ಅವನ ಫೋನ್ ಎತ್ತಲಿಲ್ಲ. ಶನಿವಾರ ಹೋಗಲಿಲ್ಲ. ಸೋಮವಾರ ಅವನೇ ಕ್ಲಿನಿಕ್ಕಿನೊಳಗೆ ನುಗ್ಗಿದ.

"ಏನಾತ್ರೀ? ಏನ್ ತಪ್ಪು ಮಾಡೀನಿ ನಾನು?"

"ನಿಮ್ಮ ಫೈಲನ್ನ ಬೇರೆ ಡಾಕ್ಟರಿಗೆ ಕಳಿಸಿದ್ದೀನಿ. ಹೋಗೋರು ಸುಮ್ನೆ ಹೋಗಿ."

"ಎಲ್ಲಿಗೆ ಹೋಗಲಿ?"

"ಎಲ್ಲಿಗಾದ್ರೂ! ಹೇಳಿ ಹೋಗೋ ಅಭ್ಯಾಸ ನಿಮ್ಮ ಆಟಕ್ಕೂ ಇಲ್ಲ, ನಿಮಗೂ ಇಲ್ಲ!"

ಅವನು ಬಾಗಿಲ ಕಡೆ ತಿರುಗಿದ. "ಪೂರಾ ಕೇಳದನ ತೀರ್ಪು ಕೊಡ್ತೀರಿ. ಆತ್ ಬಿಡ್ರಿ." ಬಾಗಿಲು ದಢಾರನೆ ಬಡಿಯಿತು. ಕಾಯುತ್ತಿದ್ದ ಪೇಷೆಂಟ್‌ಗಳೆಲ್ಲ ನೋಡುತ್ತಿದ್ದರು. ಸುಮೇಧಾ ಒಳಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು ಅತ್ತಳು.

*

ವಾರದ ಕೊನೆಗೆ ಹ್ಯೂಸ್ಟನ್ನಿಗೆ, ಅಪ್ಪ-ಅಮ್ಮನ ಮನೆಗೆ ಹೋದಳು. ಅಮ್ಮ ಪ್ರೇಮಾ ದೇವಸ್ಥಾನಕ್ಕೆ ಹೊರಟಿದ್ದರು. ನಿವೃತ್ತರಾಗಿದ್ದ ಅಪ್ಪ ವೇಣುಗೋಪಾಲ ಹಿತ್ತಲ ಕರಿಬೇವಿಗೆ ನೀರು ಹಾಕುತ್ತಿದ್ದರು. ಮಗಳ ಊದಿದ ಕಣ್ಣು ನೋಡಿ ಪೈಪ್ ಕೆಳಗಿಟ್ಟರು.

"ಯಾರಮ್ಮಾ ಅವನು?"

ಅವಳು ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅವನ ಮೇಲಿನ ಸಿಟ್ಟು ಅಪ್ಪನ ಮೇಲೆ ತಿರುಗಿತು.

"ನೀವೂ ಅಷ್ಟೇ! ಟೀಮ್ ಹೋಯ್ತು ಅಂತ ನನ್ನ ಶುಕ್ರವಾರ ಕಿತ್ಕೊಂಡ್ರಿ. ನಿಮಗೆ ಬೇಕಾಗಿದ್ದಿದ್ದು ಮ್ಯಾಚು, ನಾನಲ್ಲ!"

ವೇಣುಗೋಪಾಲ ಹೋಗಿ ನಲ್ಲಿ ನಿಲ್ಲಿಸಿ ಬಂದರು.

"ನನಗೆ ಆ ಆಟ ಇವತ್ತಿಗೂ ಅರ್ಥ ಆಗಲ್ಲ ಮಗಳೇ. ಆ ಪಕ್ ನನ್ನ ಕಣ್ಣಿಗೆ ಒಂದು ದಿನಾನೂ ಕಂಡಿದ್ದಿಲ್ಲ."

"ಅಪ್ಪಾ...?"

"ನಿನ್ನ ಪಕ್ಕ ಕೂರೋಕೆ ನನಗೊಂದು ನೆಪ ಬೇಕಿತ್ತು. ಮಾತಾಡೋಕೆ ಬರ್ತಿರಲಿಲ್ಲ ನನಗೆ. ಟೀಮ್ ಹೋದ್ಮೇಲೆ ಬೇರೆ ನೆಪ ಸಿಗಲಿಲ್ಲ. ನೀನು ಬೆಳೆದಿದ್ದೆ, ನಿನಗೆ ನಿನ್ನ ಫ್ರೆಂಡ್ಸ್ ಇದ್ರು... ನೀನಾಗೇ 'ಶುಕ್ರವಾರ ಎಲ್ಲಾದ್ರೂ ಹೋಗೋಣ ಬನ್ನಿ ಅಪ್ಪಾ' ಅಂತ ಕೇಳ್ತೀಯೇನೋ ಅಂತ ಕಾದೆ. ಕೇಳಲಿಲ್ಲ ನೀನು."

ಬಿಟ್ಟು ಹೋದರೆಂದು ಇಷ್ಟು ವರ್ಷ ಸುಮೇಧಾ ಯಾರ ಮೇಲೆ ಸಿಟ್ಟಾಗಿದ್ದಳೋ ಆ ಮನುಷ್ಯ, ಕಾಯುತ್ತಾ ಕುಳಿತಿದ್ದರು! ಅವಳು ಅಪ್ಪನನ್ನು ತಬ್ಬಿಕೊಂಡು ಸಣ್ಣ ಮಗುವಿನ ಹಾಗೆ ಅತ್ತಳು. ಅವರು ಅವಳ ಬೆನ್ನು ಸವರುತ್ತಾ ಹೇಳಿದರು, "ಆ ಹುಡುಗನನ್ನಾದ್ರೂ ಕೇಳಿದ್ಯಾ? ಹೋಗ್ತೀಯಾ, ಇರ್ತೀಯಾ ಅಂತ?"

ಇಲ್ಲ. ಕೇಳಿರಲಿಲ್ಲ.

*

ಲಿಯಾಂಡರ್‌ನ ಹೊಸ ಬಡಾವಣೆಯಲ್ಲಿ ಮಹಾಂತಪ್ಪನ ಮನೆ. ಶ್ರೀಶೈಲ್ ಅಲ್ಲಿರುವನೆಂದು ಫೋನಿನಲ್ಲಿ ಹೇಳಿದ್ದು ಶಿವಬಸವ್ವ. ಬಾಗಿಲು ತೆರೆದವನು ಮಾತ್ರ ಅವನೇ. ಗಡ್ಡ ಬಿಟ್ಟಿದ್ದ, ಮುಖದಲ್ಲಿ ನಗು ಇರಲಿಲ್ಲ.

"ಮತ್ತೇನರೆ ಬೈಯೋದು ಉಳದೈತೇನ್ರೀ?"

"ಉಳಿದಿದೆ. ಆಮೇಲೆ ಬೈತೀನಿ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಮಿನ್ನೆಸೋಟಾಗೆ ಹೋಗ್ತಿದ್ದೀರಾ?"

"ಆಫರ್ ಬಂದೈತಿ. ಉತ್ತರ ಕೊಟ್ಟಿಲ್ಲ. ಅಜ್ಜಿ ಅರ್ಧಾ ಹೇಳಿದ್ಲು, ನೀವು ಅದರಾಗ ಅರ್ಧಾ ಕೇಳಿದ್ರಿ."

"ನನಗ್ಯಾಕೆ ಹೇಳಲಿಲ್ಲ?"

"ಆ ಶನಿವಾರ ಹೇಳೋಣಂತ ಮಾಡಿದ್ದೆ. ಬೆಂಚು ಖಾಲಿ ಇತ್ತು!" ಅವನ ಸಿಟ್ಟೂ ಈಗ ಹೊರಬಿತ್ತು. "ಫೋನ್ ಎತ್ತಲಿಲ್ಲ. ಕ್ಲಿನಿಕ್ಕಿಗೆ ಬಂದ್ರ ಹೊರಗ ಹಾಕಿದ್ರಿ. ಅಲ್ಲಿ ಐಸ್‌ಗೆ ಕಡಿಮಿ ಇಲ್ಲ, ಆಟಾ ನೋಡೋರಿಗೂ ಕಡಿಮಿ ಇಲ್ಲ. ನಾ ಯಾಕ ಇಲ್ಲೆ ಇರಬೇಕು ಹೇಳ್ರಿ?"

ಅವಳು ಹೊಸಿಲ ಈಚೆ ನಿಂತೇ ಅವನ ಕೈ ಹಿಡಿದಳು.

"ಇಷ್ಟು ದಿನ ಹೋಗೋರನ್ನೆಲ್ಲಾ ಬೈದೆ. ಇರಿ ಅಂತ ಯಾರನ್ನೂ ಕೇಳಿರಲಿಲ್ಲ. ಕೇಳಿದ ಮೇಲೂ ಹೋಗಿಬಿಟ್ರೆ ಅನ್ನೋ ಭಯ..." ಅವಳ ಕಣ್ಣು ತುಂಬಿ ಬಂತು. "ಈಗಲೂ ಭಯಾನೇ. ಆದ್ರೂ ಕೇಳ್ತೀನಿ. ಹೋಗಬೇಡ, ಶ್ರೀಶೈಲ್. ನನ್ನ ಹತ್ರ ಇರು. ನಿನ್ನನ್ನ ತುಂಬಾ ಪ್ರೀತಿಸ್ತೀನಿ ಕಣೋ!"

ಅವನು ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಮುಚ್ಚಿಕೊಂಡ. ಅವನ ಕಣ್ಣೂ ಒದ್ದೆಯಾಗಿತ್ತು.

"ಏನಾದ್ರೂ ಹೇಳೋ..."

"ಏನ್ ಹೇಳಲಿ?" ಎಂದ ಅವನು ಮೆಲ್ಲಗೆ, ಅವಳನ್ನು ಹೊಸಿಲು ದಾಟಿಸಿಕೊಳ್ಳುತ್ತಾ. "ನೀ ಕೇಳಿದಿ. ನಾ ಉಳದೆ."